ಹೆದರಿದವರು ದಡ್ಡರಲ್ಲ ಸ್ವಾಮಿ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದೆವು. ನಾಲ್ಕು ಜನ, ನಾಲ್ವರೂ ಇಂಜಿನಿಯರುಗಳೇ. ಹಿಂದಿನ ದಿನ ಕಾರವಾರದ ಕಡೆ ಇರುವ ನಮ್ಮ ಅತ್ತೆ ಫೋನ್ ಮಾಡಿ, "ಕೈಗಾದಲ್ಲಿ ಇನ್ನೂ ಎರಡು ಬರ್ತದಂತಲ್ಲ ಮಗಾ, ಜಪಾನಿನಲ್ಲಿ ಆದ ಹಾಗೆ ಇಲ್ಲಿ ಆಗೂದಿಲ್ಲ ಅಲ್ಲವಾ?" ಅಂತ ಕೇಳಿದ್ದರು. ಅದನ್ನು ಸುಮ್ಮನೆ ಹೇಳಿದೆ. ಹೇಳಿದ್ದೇ ತಪ್ಪಾಯಿತು ನೋಡಿ!

ಒಬ್ಬ ತಕ್ಷಣ ಶುರು ಮಾಡಿದ. "ಫುಕುಷಿಮಾದಲ್ಲಿ ರೇಡಿಯೇಷನ್‌ನಿಂದ ಸತ್ತವರು ಎಷ್ಟು ಗೊತ್ತಾ? ಒಬ್ಬ. ಹೆದರಿ ಓಡಿ ಸತ್ತವರು ಎರಡು ಸಾವಿರ. ಸಮಸ್ಯೆ ರಿಯಾಕ್ಟರಿನದ್ದಲ್ಲ ಮಾರಾಯ, ಜನರ ದಡ್ಡತನದ್ದು." ಉಳಿದಿಬ್ಬರೂ ತಲೆ ಆಡಿಸಿದರು. ಟೀ ಮುಗಿಯಿತು, ಮೀಟಿಂಗಿಗೆ ಹೊತ್ತಾಯಿತು, ಎಲ್ಲರೂ ಒಳಗೆ ಹೋದೆವು.

ನಾನು ಏನೂ ಹೇಳಲಿಲ್ಲ. ಯಾಕೆಂದರೆ ನಾಲ್ಕೈದು ವರ್ಷದ ಹಿಂದೆ ಈ ಮಾತನ್ನು ಇದೇ ಧಾಟಿಯಲ್ಲಿ ಹೇಳುತ್ತಿದ್ದವನು ನಾನೇ. ಇವತ್ತು ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲೇ ಒಂದು ಮಾತು. ನಾನು ಅಣುವಿದ್ಯುತ್ತಿನ ವಿರೋಧಿಯಲ್ಲ. ಕಲ್ಲಿದ್ದಲು ಸುಟ್ಟು ಬರುವ ಹೊಗೆ ಮತ್ತು ಹಾರುಬೂದಿ ಪ್ರತಿ ವರ್ಷ ಎಷ್ಟೋ ಜನರನ್ನು ಸದ್ದಿಲ್ಲದೆ ಕೊಲ್ಲುತ್ತದೆ, ಅದರ ಬಗ್ಗೆ ಯಾರೂ ಮೆರವಣಿಗೆ ಮಾಡುವುದಿಲ್ಲ ಎನ್ನುವುದೂ ಗೊತ್ತು. ಒಂದು ಯೂನಿಟ್ ಕರೆಂಟಿಗೆ ಎಷ್ಟು ಸಾವು ಅಂತ ಲೆಕ್ಕ ಹಾಕಿದರೆ ಅಣುಸ್ಥಾವರ ಕಲ್ಲಿದ್ದಲಿಗಿಂತ ಎಷ್ಟೋ ಪಾಲು ಸುರಕ್ಷಿತ. ಇದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತಿದ್ದೇನೆ. ನನ್ನ ಜಗಳ ಅಣುವಿನ ಜೊತೆ ಅಲ್ಲ, "ಜನ ದಡ್ಡರು" ಅನ್ನುವ ನಮ್ಮವರ ಜೊತೆ.

ಆವತ್ತು ಆದದ್ದೇನು?

2011ರ ಮಾರ್ಚ್ 11, ಜಪಾನಿನ ಸಮಯ ಮಧ್ಯಾಹ್ನ 2 ಗಂಟೆ 46 ನಿಮಿಷ. 9.0 ತೀವ್ರತೆಯ ಭೂಕಂಪ. ಫುಕುಷಿಮಾ ದಾಯಿಚಿಯ ಆರು ರಿಯಾಕ್ಟರುಗಳಲ್ಲಿ ಆಗ ಓಡುತ್ತಿದ್ದದ್ದು 1, 2 ಮತ್ತು 3. ಮೂರೂ ತಾವಾಗಿಯೇ ನಿಂತವು. ಅಲ್ಲಿಯವರೆಗೆ ಎಲ್ಲ ಡಿಸೈನ್ ಪ್ರಕಾರವೇ.

ಆದರೆ ರಿಯಾಕ್ಟರ್ ಅಂದರೆ ಗ್ಯಾಸ್ ಒಲೆ ಅಲ್ಲ, ನಾಬ್ ತಿರುಗಿಸಿದ ಕೂಡಲೇ ಆರುವುದಿಲ್ಲ. ಸರಪಳಿ ಕ್ರಿಯೆ ನಿಂತ ಮೇಲೂ ಇಂಧನದೊಳಗೆ ಹುಟ್ಟಿಕೊಂಡ ವಿಕಿರಣಶೀಲ ವಸ್ತುಗಳು ಬಿಸಿ ಕಾರುತ್ತಲೇ ಇರುತ್ತವೆ. ನಿಲ್ಲಿಸಿದ ಗಳಿಗೆಯಲ್ಲಿ ಪೂರ್ತಿ ಶಕ್ತಿಯ ಶೇಕಡಾ 6-7ರಷ್ಟು. ನಿಧಾನಕ್ಕೆ ಇಳಿಯುತ್ತದೆ, ಆದರೆ ದಿನಗಟ್ಟಲೆ ನೀರು ಹಾಯಿಸುತ್ತಲೇ ಇರಬೇಕು. ನೀರು ಹಾಯಿಸಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಭೂಕಂಪಕ್ಕೆ ಹೊರಗಿನ ಲೈನು ಬಿತ್ತು. ಡೀಸೆಲ್ ಜನರೇಟರುಗಳು ಶುರುವಾದವು. ಸುಮಾರು 50 ನಿಮಿಷದ ನಂತರ ಸುನಾಮಿ ಬಂತು. ಜನರೇಟರುಗಳು ಬಹುಪಾಲು ಇದ್ದದ್ದು ನೆಲಮಾಳಿಗೆಯಲ್ಲಿ. ಸ್ವಿಚ್‌ಬೋರ್ಡುಗಳೂ ಅಲ್ಲೇ. ಎಲ್ಲ ಮುಳುಗಿದವು.

ಮುಂದಿನದು ಭೌತಶಾಸ್ತ್ರ. ನೀರು ಕುದಿದು ಇಳಿಯಿತು, ಇಂಧನ ಕೊಳವೆಗಳ ಜಿರ್ಕೋನಿಯಂ ಹಬೆಯ ಜೊತೆ ಸೇರಿ ಹೈಡ್ರೋಜನ್ ಹುಟ್ಟಿತು. 12ರಂದು ಒಂದನೇ ಘಟಕದ ಕಟ್ಟಡ ಹಾರಿತು, 14ರಂದು ಮೂರನೆಯದು, 15ರ ಬೆಳಿಗ್ಗೆ ನಾಲ್ಕನೆಯದು. ನಾನಾಗ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗ. ಬಿಳಿ-ನೀಲಿ ಬಣ್ಣದ ಕಟ್ಟಡ ಹೊಗೆಯಾಗಿ ಹೋಗುವುದನ್ನು ಟೀವಿಯಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದು ಇನ್ನೂ ನೆನಪಿದೆ.

ಅಂದಹಾಗೆ 5 ಮತ್ತು 6ನೇ ಘಟಕ ಉಳಿದದ್ದು ಹೇಗೆ ಗೊತ್ತಾ? ಸ್ವಲ್ಪ ಎತ್ತರದಲ್ಲಿದ್ದ, ನೀರಿನ ಬದಲು ಗಾಳಿಯಿಂದ ತಣಿಯುವ ಒಂದೇ ಒಂದು ಡೀಸೆಲ್ ಜನರೇಟರ್ ಕೆಲಸ ಮಾಡುತ್ತಿತ್ತು. ಒಂದೇ ಒಂದು!

ಇಲ್ಲಿಯವರೆಗೆ ಟೀ ಅಂಗಡಿಯ ಗೆಳೆಯನೂ ಒಪ್ಪುತ್ತಾನೆ. "ಸಾವಿರ ವರ್ಷಕ್ಕೊಮ್ಮೆ ಬರುವ ಸುನಾಮಿ, ಯಾರು ಏನು ಮಾಡೋಕಾಗತ್ತೆ" ಅನ್ನುತ್ತಾನೆ.

ಮಾಡಬಹುದಿತ್ತು. ಆ ಸ್ಥಾವರ ಲೆಕ್ಕ ಹಾಕಿಕೊಂಡಿದ್ದ ಸುನಾಮಿಯ ಎತ್ತರ 5.7 ಮೀಟರ್. 2008ರಲ್ಲಿ ಟೆಪ್ಕೊ ಕಂಪನಿಯೊಳಗೇ ಹೊಸ ಲೆಕ್ಕ ಹಾಕಿಸಿದಾಗ ಬಂದ ಉತ್ತರ 15.7 ಮೀಟರ್. ಆ ಅಂಕಿಯನ್ನು ಕೈಯಲ್ಲಿಟ್ಟುಕೊಂಡು, ಇನ್ನಷ್ಟು ಅಧ್ಯಯನ ಮಾಡಿಸೋಣ ಎಂದು ಮುಂದಕ್ಕೆ ಹಾಕಿದರು. (ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟಿಕೆಟ್ಟನ್ನು ಬ್ಯಾಕ್‌ಲಾಗಿಗೆ ತಳ್ಳಿದರು.) ನಿಯಂತ್ರಣ ಸಂಸ್ಥೆಗೆ ಈ ಅಂಕಿ ತಲುಪಿದ್ದು 2011ರ ಮಾರ್ಚ್ 7ರಂದು, ಸುನಾಮಿ ಬರುವುದಕ್ಕೆ ನಾಲ್ಕು ದಿನ ಮೊದಲು. ನ್ಯಾಯವಾಗಿ ಇದನ್ನೂ ಹೇಳಬೇಕು, ಇದು ಕ್ರಿಮಿನಲ್ ಅಪರಾಧ ಅಲ್ಲ ಎಂದು ಜಪಾನಿನ ಸುಪ್ರೀಂ ಕೋರ್ಟ್ 2025ರಲ್ಲಿ ಅಂತಿಮವಾಗಿ ಹೇಳಿದೆ. ಜೈಲಿಗೆ ಕಳಿಸುವಷ್ಟು ಸಾಕ್ಷಿ ಇಲ್ಲ ಅನ್ನುವುದು ಬೇರೆ, "ಯಾರಿಗೂ ಗೊತ್ತೇ ಇರಲಿಲ್ಲ" ಅನ್ನುವುದು ಬೇರೆ.

ಅದೇ ಕರಾವಳಿಯಲ್ಲಿ ಒನಗಾವಾ ಅಂತ ಇನ್ನೊಂದು ಸ್ಥಾವರ ಇದೆ. ಬೇರೆ ಕಂಪನಿಯದ್ದು. ಭೂಕಂಪದ ಕೇಂದ್ರಕ್ಕೆ ಫುಕುಷಿಮಾಕ್ಕಿಂತ ಹತ್ತಿರ. ಅದನ್ನು ಕಟ್ಟುವಾಗ ಯಾನೊಸುಕೆ ಹಿರಾಯ್ ಎಂಬ ಹಿರಿಯ ಇಂಜಿನಿಯರ್, ಖರ್ಚಾದರೆ ಆಗಲಿ ಎತ್ತರದ ನೆಲದಲ್ಲೇ ಕಟ್ಟಬೇಕು ಎಂದು ಹಟ ಹಿಡಿದರು. ಸುಮಾರು 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. ಸುನಾಮಿ ಅಲ್ಲಿಗೂ ಬಂತು, ಸ್ಥಾವರ ಉಳಿಯಿತು. ಎಷ್ಟರ ಮಟ್ಟಿಗೆ ಅಂದರೆ, ಮನೆ ಕಳೆದುಕೊಂಡ ಸುತ್ತಲಿನ ಹಳ್ಳಿಯ 300ಕ್ಕೂ ಹೆಚ್ಚು ಜನ ಆಶ್ರಯ ಪಡೆದದ್ದು ಅದೇ ಅಣುಸ್ಥಾವರದ ಒಳಗೆ!

ಇದನ್ನು ಇನ್ನೊಮ್ಮೆ ಓದಿ. ಅಣುವಿಗೆ ಹೆದರುವವರು ಅಂತ ನಾವು ನಗುವ ಅದೇ ಹಳ್ಳಿಯ ಜನ, ಸುರಕ್ಷಿತ ಅನ್ನಿಸಿದಾಗ ಅಣುಸ್ಥಾವರದೊಳಗೇ ಹೋಗಿ ಮಲಗಿದರು.

ಓಡಿದವರು ಯಾರು, ಓಡಿಸಿದವರು ಯಾರು?

ಈಗ ಆ ಎರಡು ಸಾವಿರದ ಲೆಕ್ಕಕ್ಕೆ ಬರೋಣ. ಅಂಕಿ ಸುಳ್ಳಲ್ಲ. ಫುಕುಷಿಮಾ ಪ್ರಾಂತ್ಯದಲ್ಲಿ ಸ್ಥಳಾಂತರದ ಕಷ್ಟ, ಚಿಕಿತ್ಸೆ ತಪ್ಪಿದ್ದು, ಮಾನಸಿಕ ಒತ್ತಡ, ಆತ್ಮಹತ್ಯೆ ಇವುಗಳಿಂದ ಸತ್ತವರೆಂದು ಸರ್ಕಾರವೇ ಗುರುತಿಸಿದವರು 2,300ಕ್ಕೂ ಹೆಚ್ಚು. ವಿಕಿರಣದಿಂದ ಸಾವು ಎಂದು ಒಪ್ಪಿಕೊಂಡದ್ದು 2018ರಲ್ಲಿ ಒಬ್ಬ ಕೆಲಸಗಾರನ ಶ್ವಾಸಕೋಶದ ಕ್ಯಾನ್ಸರನ್ನು ಮಾತ್ರ. ವಿಶ್ವಸಂಸ್ಥೆಯ ವಿಕಿರಣ ಸಮಿತಿ 2021ರಲ್ಲಿ ಹೊರತಂದ ವರದಿಯಲ್ಲೂ ವಿಕಿರಣದಿಂದಲೇ ಎಂದು ಹೇಳಬಹುದಾದ ಆರೋಗ್ಯದ ತೊಂದರೆ ಅಲ್ಲಿಯ ಜನರಲ್ಲಿ ದಾಖಲಾಗಿಲ್ಲ ಎಂದಿದೆ.

ಸರಿ. ಆದರೆ ಆ 2,300 ಜನ "ಹೆದರಿ ಓಡಿದವರು" ಅಂತ ಹೇಳಿದ್ದು ಯಾರು? 11ರ ರಾತ್ರಿ 3 ಕಿಲೋಮೀಟರ್, 12ರ ಬೆಳಗಿನ ಜಾವ 10 ಕಿಲೋಮೀಟರ್, ಅದೇ ಸಂಜೆ 20 ಕಿಲೋಮೀಟರ್. ಹೀಗೆ ಒಂದು ದಿನದೊಳಗೆ ಮೂರು ಸಲ ವೃತ್ತ ದೊಡ್ಡದು ಮಾಡಿ, ಹೊರಡಿ ಎಂದು ಆದೇಶ ಮಾಡಿದ್ದು ಸರ್ಕಾರ. ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹೊರಡಿ ಅಂದಾಗ ಹೊರಟವರನ್ನು ದಡ್ಡರು ಅನ್ನುವುದಾದರೆ, ಹೊರಡದೆ ಕೂತಿದ್ದರೆ ಏನನ್ನುತ್ತಿದ್ದೆವು? ಮೊಂಡರು ಅನ್ನುತ್ತಿದ್ದೆವು!

ಸ್ಥಾವರದಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಫುತಾಬಾ ಆಸ್ಪತ್ರೆ ಇತ್ತು. ಹಾಸಿಗೆ ಹಿಡಿದ ವೃದ್ಧರೇ ಹೆಚ್ಚು. ಅವರನ್ನು ಬಸ್ಸಿನಲ್ಲಿ ಕೂರಿಸಿ, ಗಂಟೆಗಟ್ಟಲೆ ಸುತ್ತಿಸಿ, ಚಿಕಿತ್ಸೆಯ ವ್ಯವಸ್ಥೆಯೇ ಇಲ್ಲದ ಕಡೆ ಇಳಿಸಿದರು. ಆ ಆಸ್ಪತ್ರೆ ಮತ್ತು ಅದರ ವೃದ್ಧಾಶ್ರಮದ 40ಕ್ಕೂ ಹೆಚ್ಚು ಜನ ಸತ್ತರು. ಅವರಿಗೆ ವಿಕಿರಣದ ಭಯವೇ ಇರಲಿಲ್ಲ ಸ್ವಾಮಿ, ಎಷ್ಟೋ ಜನರಿಗೆ ತಾವು ಎಲ್ಲಿದ್ದೇವೆ ಅನ್ನುವುದೂ ಗೊತ್ತಿರಲಿಲ್ಲ. ಅವರನ್ನು ಕೊಂದದ್ದು ಹೆದರಿಕೆಯಲ್ಲ, ಯೋಜನೆಯೇ ಇಲ್ಲದಿದ್ದದ್ದು.

ಯೋಜನೆ ಯಾಕೆ ಇರಲಿಲ್ಲ? ಯಾಕೆಂದರೆ ಆಸ್ಪತ್ರೆ ಖಾಲಿ ಮಾಡಿಸುವ ಯೋಜನೆ ಬರೆಯಬೇಕಾದರೆ ಇಂಥ ಅಪಘಾತ ಆಗಬಹುದು ಎಂದು ಮೊದಲು ಒಪ್ಪಿಕೊಳ್ಳಬೇಕು. ಅಪಘಾತ ಆಗುವುದೇ ಇಲ್ಲ ಎಂದು ದಶಕಗಟ್ಟಲೆ ಜನರಿಗೆ ಹೇಳಿಕೊಂಡು ಬಂದವರು, ಕೊನೆಗೆ ಅದನ್ನು ತಾವೇ ನಂಬಿಬಿಟ್ಟರು. ಜಪಾನಿನಲ್ಲಿ ಇದಕ್ಕೆ "ಸುರಕ್ಷತೆಯ ಪುರಾಣ" ಎಂಬ ಹೆಸರೇ ಇದೆ. ಸಂಸತ್ತು ನೇಮಿಸಿದ ಕಿಯೋಶಿ ಕುರೊಕಾವಾ ಆಯೋಗ 2012ರ ಜುಲೈನಲ್ಲಿ ಕೊಟ್ಟ ವರದಿ, ಇದು ಪ್ರಕೃತಿ ವಿಕೋಪ ಅಲ್ಲ, ಮನುಷ್ಯ ಮಾಡಿದ ಅನಾಹುತ ಎಂದೇ ಹೇಳಿತು.

ಇನ್ನೊಂದು ವಾದ ಇದೆ, ನಮ್ಮ ಇಂಜಿನಿಯರುಗಳಿಗೆ ಬಹಳ ಪ್ರಿಯವಾದದ್ದು: "ಕೊನೆಗೆ ಜನರಿಗೆ ತಗುಲಿದ ವಿಕಿರಣ ತೀರಾ ಕಡಿಮೆ, ಹಾಗಾಗಿ ಹೆದರಿದ್ದು ತಪ್ಪು." ಕಡಿಮೆ ಯಾಕಾಯಿತು? ಜನ ಊರು ಬಿಟ್ಟರು, ಹಾಲು-ಸೊಪ್ಪು ಪರೀಕ್ಷಿಸಿ ಮಾರಾಟ ತಡೆದರು, ಗಾಳಿ ಹೆಚ್ಚಿನ ಪಾಲನ್ನು ಸಮುದ್ರದ ಕಡೆ ಒಯ್ದಿತು. ಇದರಲ್ಲಿ ಒಂದು ಅದೃಷ್ಟ, ಉಳಿದದ್ದು ಎಚ್ಚರಿಕೆ. ಹೆಲ್ಮೆಟ್ ಹಾಕಿಕೊಂಡು ಬಿದ್ದವನ ತಲೆ ಒಡೆಯಲಿಲ್ಲ, ಆದ್ದರಿಂದ ಹೆಲ್ಮೆಟ್ ಹಾಕಿದ್ದು ದಡ್ಡತನ ಅಂದ ಹಾಗಾಯಿತು ಇದು. ಎಲ್ಲರನ್ನೂ ಅಷ್ಟು ದಿನ ಹೊರಗಿಡುವ ಅಗತ್ಯ ಇತ್ತೇ ಎಂದು ಕೇಳಬಹುದು, ಕೇಳಬೇಕು. ಆದರೆ ಆ ಪ್ರಶ್ನೆ ಆದೇಶ ಮಾಡಿದವರಿಗೆ.

ಗಾಳಿ ಎತ್ತ ಬೀಸುತ್ತಿತ್ತು?

ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ನಾಮಿಯೆ ಎಂಬ ಊರಿನ ಕಥೆ. ಅಲ್ಲಿಯ ಸಾವಿರಾರು ಜನ ಸ್ಥಾವರದಿಂದ ದೂರ ಅಂತ ವಾಯವ್ಯಕ್ಕಿರುವ ತ್ಸುಶಿಮಾ ಎಂಬ ಗುಡ್ಡದ ಹಳ್ಳಿಗೆ ಹೋದರು. ಮಕ್ಕಳು ಹೊರಗೆ ಆಡಿದರು. 15ರಂದು ವಿಕಿರಣದ ಮೋಡ ಹೋದದ್ದು ಅದೇ ವಾಯವ್ಯ ದಿಕ್ಕಿಗೆ.

ಜಪಾನ್ ಸರ್ಕಾರದ ಬಳಿ ಸ್ಪೀಡಿ ಎಂಬ ಕಂಪ್ಯೂಟರ್ ವ್ಯವಸ್ಥೆ ಇತ್ತು. ಕೆಲಸವೇ ಅದು, ಗಾಳಿ ಎತ್ತ ಬೀಸುತ್ತಿದೆ, ಮೋಡ ಎತ್ತ ಹೋಗುತ್ತದೆ ಎಂದು ಲೆಕ್ಕ ಹಾಕುವುದು. ಅದು ಲೆಕ್ಕ ಹಾಕಿತು ಕೂಡ. ಆದರೆ ಸ್ಥಾವರದಿಂದ ಎಷ್ಟು ಹೊರಬರುತ್ತಿದೆ ಎಂಬ ಅಂಕಿ ಸಿಗದ ಕಾರಣ ನಂಬಲಾಗದು ಅಂತ ಪಕ್ಕಕ್ಕಿಟ್ಟರು. ಎಷ್ಟು ಅನ್ನುವುದು ಗೊತ್ತಿಲ್ಲದಿದ್ದರೂ ಎತ್ತ ಅನ್ನುವುದು ಗೊತ್ತಿತ್ತಲ್ಲ! ಸಾರ್ವಜನಿಕರಿಗೆ ಮೊದಲ ನಕ್ಷೆ ಸಿಕ್ಕಿದ್ದು ಮಾರ್ಚ್ 23ಕ್ಕೆ. ಅಮೆರಿಕದ ಸೇನೆಗೆ ಆ ಮಾಹಿತಿ ಮಾರ್ಚ್ 14ಕ್ಕೇ ಹೋಗಿತ್ತು. ಇದು ಹೊರಬಂದದ್ದು 2012ರ ಜನವರಿಯಲ್ಲಿ.

ಈಗ ನಾಮಿಯೆಯ ತಾಯಿಯೊಬ್ಬಳು, "ಇನ್ನು ಮುಂದೆ ನೀವು ಎರಡು ಸೇರಿಸಿದರೆ ಎರಡು ನಾಲ್ಕು ಅಂದರೂ ನಂಬುವುದಿಲ್ಲ" ಅಂದರೆ ಅವಳಿಗೆ ಗಣಿತ ಬರುವುದಿಲ್ಲ ಅಂತ ಅರ್ಥವೇ?

ಇನ್ನು "ಮೆಲ್ಟ್‌ಡೌನ್" ಎಂಬ ಪದದ ಕಥೆ. 12ರಂದೇ ನಿಯಂತ್ರಣ ಸಂಸ್ಥೆಯ ವಕ್ತಾರರೊಬ್ಬರು ಇಂಧನ ಕರಗುತ್ತಿರಬಹುದು ಎಂದು ಪತ್ರಕರ್ತರಿಗೆ ಹೇಳಿದರು. ಅವರನ್ನು ಆ ಕೆಲಸದಿಂದ ಬದಲಿಸಲಾಯಿತು. ಟೆಪ್ಕೊ ಇಂಧನ ಕರಗಿದೆ ಎಂದು ಒಪ್ಪಿಕೊಂಡದ್ದು ಎರಡು ತಿಂಗಳ ನಂತರ, ಮೇ ತಿಂಗಳಲ್ಲಿ. ಆ ಪದ ಬಳಸಬೇಡಿ ಎಂದು ಕಂಪನಿಯ ಅಧ್ಯಕ್ಷರೇ ಸೂಚಿಸಿದ್ದರು ಎನ್ನುವುದು ಹೊರಬಂದು ಕಂಪನಿ ಕ್ಷಮೆ ಕೇಳಿದ್ದು 2016ರ ಜೂನ್‌ನಲ್ಲಿ. ಐದು ವರ್ಷ!

ಇದೇ ಮೊದಲೂ ಅಲ್ಲ. ತಪಾಸಣೆಯ ದಾಖಲೆಗಳನ್ನು ತಿದ್ದಿದ್ದು ಬಯಲಾಗಿ 2002ರಲ್ಲಿ ಟೆಪ್ಕೊದ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದರು, ಮರುವರ್ಷ ಕಂಪನಿಯ 17 ರಿಯಾಕ್ಟರುಗಳನ್ನೂ ನಿಲ್ಲಿಸಿ ಪರೀಕ್ಷಿಸಬೇಕಾಯಿತು. ಆ ಗುಟ್ಟನ್ನು ತಿಳಿಸಿದವನ ಹೆಸರನ್ನು ಸರ್ಕಾರದ ಅಧಿಕಾರಿಗಳೇ ಕಂಪನಿಗೆ ಕೊಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ತಾನೇ?

ನಾನೂ ಬರೆದಿದ್ದೆ ಒಂದು ಸುಳ್ಳು

ಇಷ್ಟೆಲ್ಲ ಓದಿದರೂ ನನಗೆ ಮೊದಲು ತಟ್ಟಿರಲಿಲ್ಲ. ತಟ್ಟಿದ್ದು ಯಾವಾಗ ಅಂದರೆ, ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಡೆದ ಒಂದು ರಾತ್ರಿ. (ಕಂಪನಿಯ ಹೆಸರು ಬೇಡ.) ಡೇಟಾಬೇಸ್ ಬದಲಾವಣೆ ಮಾಡುವಾಗ ಎಡವಟ್ಟಾಯಿತು. ಹಣ ಪಾವತಿ ಆಗುತ್ತಿತ್ತು, ದಾಖಲೆ ಉಳಿಯುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಕಾಲ್‌ನಲ್ಲಿ. ಗ್ರಾಹಕರಿಗೆ ಕಾಣುವ ಪುಟದಲ್ಲಿ ಏನು ಹಾಕುವುದು ಅಂತ ಚರ್ಚೆ. "ಗಾಬರಿ ಆಗುವಂಥ ಪದ ಬೇಡ" ಅಂದರು ಮೇಲಿನವರು. ಕೊನೆಗೆ ಒಂದು ಸಾಲು ಹೊರಟಿತು: ಕೆಲವು ಬಳಕೆದಾರರಿಗೆ ಸೇವೆ ಸ್ವಲ್ಪ ನಿಧಾನ ಆಗಬಹುದು.

ಆ ಸಾಲು ಟೈಪ್ ಮಾಡಿದವನು ನಾನು.

ಜನ ಏನು ಮಾಡಿದರು? ನಿಧಾನ ತಾನೇ ಅಂತ ಮತ್ತೆ ಮತ್ತೆ ಬಟನ್ ಒತ್ತಿದರು. ಎರಡು ಸಲ, ಮೂರು ಸಲ ದುಡ್ಡು ಕಟ್ ಆಯಿತು. "ಕೆಟ್ಟಿದೆ, ಬೆಳಗಿನವರೆಗೆ ದುಡ್ಡು ಹಾಕಬೇಡಿ" ಎಂದು ನಿಜ ಹೇಳಿದ್ದರೆ ಅರ್ಧದಷ್ಟು ಗೋಳು ತಪ್ಪುತ್ತಿತ್ತು. ಆ ಕಾಲ್‌ನಲ್ಲಿದ್ದವರು ಯಾರೂ ಕೆಟ್ಟವರಲ್ಲ. ನಿದ್ದೆಗೆಟ್ಟವರು, ಹೆದರಿದವರು, ಮನೆಯಲ್ಲಿ ಮಕ್ಕಳಿದ್ದವರು. ಸುಳ್ಳು ಹುಟ್ಟಲು ಖಳನಾಯಕರು ಬೇಕಿಲ್ಲ, ಒಂದು ಕಾನ್ಫರೆನ್ಸ್ ಕಾಲ್ ಸಾಕು.

ಮಾರನೆಯ ದಿನ ಗ್ರಾಹಕರು ಕೂಗಾಡಿದಾಗ ನಮ್ಮಲ್ಲೇ ಒಬ್ಬ ಏನಂದ ಗೊತ್ತಾ? "ಈ ಜನಕ್ಕೆ ಒಂಚೂರೂ ತಾಳ್ಮೆ ಇಲ್ಲ, ಟೆಕ್ನಿಕಲ್ ನಾಲೆಜ್ ಇಲ್ಲ." ಆವತ್ತು ನನಗೆ ನಾಮಿಯೆ ನೆನಪಾಯಿತು. ನಮ್ಮದು ದುಡ್ಡಿನ ಮಾತು, ಹಿಂತಿರುಗಿಸಿದೆವು. ಅವರದ್ದು ಮಕ್ಕಳ ಮಾತು.

ಹಾಗಾದರೆ ಜನ ಮಾಡಿದ್ದೆಲ್ಲ ಸರಿಯಾ?

ಇಲ್ಲ. ಅದನ್ನೂ ಬರೆಯದಿದ್ದರೆ ನಾನೂ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಫುಕುಷಿಮಾ ಮಳೆಯಿಂದ ಪಾರಾಗಲು ಕುತ್ತಿಗೆಗೆ ಬೆಟಾಡಿನ್ ಹಚ್ಚಿಕೊಳ್ಳಿ ಅಂತ ಬಿಬಿಸಿ ಹೆಸರಲ್ಲಿ ಸುಳ್ಳು ಎಸ್ಸೆಮ್ಮೆಸ್ ಹರಿದು ಫಿಲಿಪ್ಪೀನ್ಸ್‌ನಲ್ಲಿ ಗಲಾಟೆ ಆಯಿತು. ಚೀನಾದಲ್ಲಿ ಅಯೋಡಿನ್ ಉಪ್ಪಿಗೆ ಮುಗಿಬಿದ್ದರು. ಸುನಾಮಿ ಅಲೆಗಳ ಎತ್ತರ ತೋರಿಸುವ ಬಣ್ಣಬಣ್ಣದ ನಕ್ಷೆಯನ್ನು "ಪೆಸಿಫಿಕ್ ತುಂಬಾ ವಿಕಿರಣ" ಅಂತ ವರ್ಷಗಟ್ಟಲೆ ಹಂಚಿದರು. ಎಲ್ಲಕ್ಕಿಂತ ಹೇಯವಾದದ್ದು, ಫುಕುಷಿಮಾದಿಂದ ಬೇರೆ ಊರಿಗೆ ಹೋದ ಮಕ್ಕಳನ್ನು ಶಾಲೆಯಲ್ಲಿ ಅಂಟುರೋಗದವರಂತೆ ಕಂಡು ಪೀಡಿಸಿದ್ದು. ಇದನ್ನು ಮಾಡಿದವರಿಗೆ, ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರಿಗೆ ನನ್ನ ಯಾವ ಕರುಣೆಯೂ ಇಲ್ಲ.

ಆದರೆ ಅದೇ ಜನ ಇನ್ನೊಂದನ್ನೂ ಮಾಡಿದರು, ಅದನ್ನು ನಮ್ಮವರು ಹೇಳುವುದೇ ಇಲ್ಲ. ಸರ್ಕಾರದ ಅಂಕಿ ನಂಬಲಾಗದು ಅನ್ನಿಸಿದಾಗ ತಾವೇ ಅಳೆಯಲು ಹೊರಟರು. ಅಪಘಾತವಾದ ಕೆಲವೇ ದಿನದಲ್ಲಿ ಸೇಫ್‌ಕಾಸ್ಟ್ ಎಂಬ ಗುಂಪು ಹುಟ್ಟಿತು. ಗೈಗರ್ ಕೌಂಟರಿಗೆ ಜಿಪಿಎಸ್ ಸೇರಿಸಿ, ಕಾರಿಗೆ ಕಟ್ಟಿಕೊಂಡು ಬೀದಿ ಬೀದಿ ಅಳೆದು, ಎಲ್ಲ ಅಂಕಿಯನ್ನೂ ಯಾರು ಬೇಕಾದರೂ ಬಳಸುವಂತೆ ಬಿಟ್ಟರು. ಇವಾಕಿ ಎಂಬ ಊರಿನಲ್ಲಿ ತಾಯಂದಿರು ಸೇರಿ ತಾರಾಚಿನೆ ಎಂಬ ಪ್ರಯೋಗಾಲಯವನ್ನೇ ಕಟ್ಟಿ, ಜನ ತಂದ ತರಕಾರಿ, ಮೀನು, ಮಣ್ಣು ಪರೀಕ್ಷಿಸಿದರು. ಎಷ್ಟೋ ಕಡೆ ಇವರ ಅಂಕಿ ಹೇಳಿದ್ದು "ಇಲ್ಲಿ ಪರವಾಗಿಲ್ಲ" ಅಂತಲೇ. ಅದನ್ನು ಜನ ನಂಬಿದರು. ಯಾಕೆಂದರೆ ಮೀಟರ್ ತಮ್ಮ ಕಣ್ಣೆದುರಿಗೇ ಇತ್ತು.

ಅಂದರೆ ಜನ ವಿಜ್ಞಾನವನ್ನು ತಿರಸ್ಕರಿಸಲಿಲ್ಲ. ವಿಜ್ಞಾನದ ಹೆಸರಲ್ಲಿ ಮಾತಾಡುತ್ತಿದ್ದವರನ್ನು ತಿರಸ್ಕರಿಸಿದರು. ಇವೆರಡರ ವ್ಯತ್ಯಾಸ ಗೊತ್ತಾಗದಿದ್ದರೆ ದಡ್ಡರು ನಾವು.

ಟ್ಯಾಂಕಿನ ನೀರಿನ ವಿಷಯವನ್ನೇ ನೋಡಿ. ಶುದ್ಧೀಕರಿಸಿದ ನೀರನ್ನು 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡಲು ಶುರು ಮಾಡಿದರು. ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆ ಟ್ರಿಟಿಯಂ ಎಂಬ ಮಿತಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಪ್ಪಿದೆ. ವಿಜ್ಞಾನದ ಲೆಕ್ಕ ಸರಿಯಾಗಿಯೇ ಇದೆ, ನಾನೂ ಒಪ್ಪುತ್ತೇನೆ. ಆದರೂ ಮೀನುಗಾರರು ವಿರೋಧಿಸಿದರು. ಯಾಕೆ? ನಿಮ್ಮ ಒಪ್ಪಿಗೆ ಇಲ್ಲದೆ ಬಿಡುವುದಿಲ್ಲ ಎಂದು 2015ರಲ್ಲಿ ಅವರಿಗೆ ಬರೆದುಕೊಟ್ಟಿದ್ದರು. ಟ್ರಿಟಿಯಂ ಬಿಟ್ಟು ಬೇರೆ ಏನೂ ಉಳಿದಿಲ್ಲ ಅನ್ನುವ ಹಾಗೆ ಹೇಳಿಕೊಂಡು ಬಂದವರು, ಟ್ಯಾಂಕಿನಲ್ಲಿದ್ದ ನೀರಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಸ್ಟ್ರಾಂಷಿಯಂ ಮುಂತಾದವುಗಳ ಮಿತಿ ಮೀರಿದೆ ಎಂದು 2018ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಅದನ್ನು ಮತ್ತೆ ಶುದ್ಧ ಮಾಡಿಯೇ ಬಿಡುತ್ತಾರೆ, ನಿಜ. ಆದರೆ ತೋಳ ಬಂತು ತೋಳ ಕಥೆಯ ತಿರುಗುಮುರುಗು ಇದು. "ತೋಳ ಇಲ್ಲ, ತೋಳ ಇಲ್ಲ" ಎಂದು ಹತ್ತು ಸಲ ಸುಳ್ಳು ಹೇಳಿದವನು, ಹನ್ನೊಂದನೇ ಸಲ ನಿಜವಾಗಿಯೂ ತೋಳ ಇಲ್ಲದಿದ್ದಾಗ ಕೂಗಿದರೂ ಯಾರೂ ನಂಬುವುದಿಲ್ಲ.

ನಮ್ಮ ಮನೆಯ ದೋಸೆಯೂ ತೂತೇ

ಜಪಾನ್ ಬಿಡಿ, ನಮ್ಮಲ್ಲಿ? ಫುಕುಷಿಮಾ ನಂತರ ಕೂಡಂಕುಳಂ ಸುತ್ತಲಿನ ಮೀನುಗಾರರು ಪ್ರಶ್ನೆ ಕೇಳಿದರು. ಸಾವಿರಾರು ಜನರ ಮೇಲೆ ದೇಶದ್ರೋಹದ ಕೇಸು ಬಿತ್ತು. ವಿದೇಶಿ ದುಡ್ಡು ಅಂದರು. 2012ರಲ್ಲಿ ಅಲ್ಲಿಯ ಪ್ರತಿಭಟನಕಾರರಿಗೆ ಆಪ್ತಸಲಹೆ ಕೊಡಲು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರ ನೆರವು ಕೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ನೋಡಿ ಹೇಗಿದೆ! ಪ್ರಶ್ನೆ ಕೇಳಿದವನಿಗೆ ಉತ್ತರದ ಬದಲು ಮನೋವೈದ್ಯ.

ಇನ್ನು ನಮ್ಮ ಕೈಗಾ. 1980ರ ದಶಕದಲ್ಲಿ ಅದನ್ನು ವಿರೋಧಿಸಿದವರಲ್ಲಿ ಶಿವರಾಮ ಕಾರಂತರೂ ಇದ್ದರು, 1989ರಲ್ಲಿ ಅದೇ ಕಾರಣಕ್ಕೆ ಲೋಕಸಭೆ ಚುನಾವಣೆಗೂ ನಿಂತು ಸೋತರು. ಅಜ್ಜನಿಗೆ ವಿಜ್ಞಾನ ಗೊತ್ತಿಲ್ಲ ಅಂದವರಿದ್ದರು. (ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನದ ಸಂಪುಟಗಳನ್ನು ಬರೆದವರ ಬಗ್ಗೆ ಈ ಮಾತು!) 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಕಳಚಿ ಬಿತ್ತು. ಅಪಘಾತ ಆದಾಗ ವಿಕಿರಣವನ್ನು ಹಿಡಿದಿಡಬೇಕಾದ ಗುಮ್ಮಟ ಅದು! ಪುಣ್ಯಕ್ಕೆ ಇನ್ನೂ ಇಂಧನ ತುಂಬಿರಲಿಲ್ಲ. 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿ, ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ಮೈ ಸೇರಿತು.

ಹಾಗಂತ ಕೈಗಾ ಎಂದರೆ ಬರೀ ಇದೇ ಅಲ್ಲ. ಅದೇ ಒಂದನೇ ಘಟಕ 2018ರ ಡಿಸೆಂಬರಿಗೆ 962 ದಿನ ಒಂದೇ ಸಮನೆ ಓಡಿ ಆಗ ವಿಶ್ವದಾಖಲೆ ಮಾಡಿತು. ಅಲ್ಲಿ ಕೆಲಸ ಮಾಡುವವರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ 962 ದಿನದ ಸುದ್ದಿ ಹೇಳುವಷ್ಟೇ ಗಟ್ಟಿ ದನಿಯಲ್ಲಿ ಕೂಲರಿನ ಸುದ್ದಿಯನ್ನೂ ಹೇಳಿದರೆ ಮಾತ್ರ ಆ ಹೆಮ್ಮೆ ಅತ್ತೆಗೂ ಬರುತ್ತದೆ.

ಫುಕುಷಿಮಾ ಆದ ವರ್ಷವೇ ಸ್ವತಂತ್ರ ನಿಯಂತ್ರಣ ಪ್ರಾಧಿಕಾರಕ್ಕಾಗಿ ಸಂಸತ್ತಿನಲ್ಲಿ ಮಸೂದೆ ಬಂತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದು ಮಸೂದೆಯೂ ಸತ್ತಿತು. 2025ರ ಡಿಸೆಂಬರಿನ ಹೊಸ ಕಾಯ್ದೆ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲು ತೆರೆದಿದೆ. ಲಾಭದ ಲೆಕ್ಕ ಬಂದ ಕಡೆ ಕಾನ್ಫರೆನ್ಸ್ ಕಾಲ್‌ಗಳೂ ಬರುತ್ತವೆ. ಟೆಪ್ಕೊ ಕೂಡ ಖಾಸಗಿ ಕಂಪನಿಯೇ ಆಗಿತ್ತು.

"ಎಲ್ಲ ಹೇಳಿದರೆ ಜನ ಗಾಬರಿ ಆಗ್ತಾರೆ" ಅಂತೀರಾ? ವಿಮಾನಗಳನ್ನು ನೋಡಿ. ಒಂದೊಂದು ಅಪಘಾತಕ್ಕೂ ತನಿಖೆ ಆಗಿ, ಯಾವ ಬೋಲ್ಟು ಸಡಿಲವಾಗಿತ್ತು, ಪೈಲಟ್ ಏನು ತಪ್ಪು ಮಾಡಿದ ಎಂಬ ವರದಿ ಹೊರಬರುತ್ತದೆ. ಅದನ್ನು ಓದಿ ಜನ ವಿಮಾನ ಹತ್ತುವುದನ್ನು ಬಿಟ್ಟರಾ? ಹೇಳುತ್ತಾರೆ ಅನ್ನುವ ನಂಬಿಕೆಯಿಂದಲೇ ಹತ್ತುತ್ತಿದ್ದಾರೆ.

ಅದಕ್ಕೇ ನಾನು ಕೇಳುವುದು ಸ್ಥಾವರ ಮುಚ್ಚಿ ಅಂತಲ್ಲ. ಸುತ್ತಲಿನ ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಯ ಮೇಲೆ ವಿಕಿರಣದ ಅಂಕಿ ಕನ್ನಡದಲ್ಲಿ, ಆ ಗಳಿಗೆಯದ್ದು ಕಾಣಲಿ. ಊರಿನ ಹೈಸ್ಕೂಲಿಗೊಂದು ಗೈಗರ್ ಕೌಂಟರ್ ಕೊಡಲಿ, ಮಕ್ಕಳೇ ಅಳೆದು ಹೋಲಿಸಲಿ. ಹದಿನಾರು ಕಿಲೋಮೀಟರ್ ವೃತ್ತದೊಳಗೆ ಹಾಸಿಗೆ ಹಿಡಿದವರು ಎಷ್ಟು ಜನ, ಅವರನ್ನು ಯಾವ ಗಾಡಿಯಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎನ್ನುವುದು ಕಾಗದದಲ್ಲಿ ಇರಲಿ, ಆ ಕಾಗದ ಜನರ ಕೈಯಲ್ಲಿರಲಿ. ಸಣ್ಣ ಎಡವಟ್ಟಾದರೂ ಪತ್ರಿಕೆಯವರು ಕಂಡುಹಿಡಿಯುವ ಮೊದಲು ಸ್ಥಾವರದವರೇ ಹೇಳಲಿ. ಇದಕ್ಕೆಲ್ಲ ಆಗುವ ಖರ್ಚು ಒಂದು ರಿಯಾಕ್ಟರಿನ ಖರ್ಚಿನ ಮುಂದೆ ಸಾಸಿವೆ ಕಾಳು. ಪಂಪು, ಜನರೇಟರ್, ಗುಮ್ಮಟದ ಹಾಗೆ ನಂಬಿಕೆಯೂ ಒಂದು ಸುರಕ್ಷತಾ ವ್ಯವಸ್ಥೆ. ಅಪಘಾತದ ದಿನ "ಮನೆಯೊಳಗೇ ಇರಿ" ಅಂದಾಗ ಜನ ಒಳಗಿರಬೇಕಾದರೆ, ಅದಕ್ಕೆ ಹಿಂದಿನ ಇಪ್ಪತ್ತು ವರ್ಷ ನಿಜ ಹೇಳಿರಬೇಕು.

ಆವತ್ತು ಸಂಜೆ ಅತ್ತೆಗೆ ಫೋನ್ ಮಾಡಿದೆ. "ಕೈಗಾಕ್ಕೆ ಸುನಾಮಿ ಬರೂದಿಲ್ಲ ಅತ್ತೆ, ಅದು ಸಮುದ್ರದ ದಂಡೆಯಲ್ಲಿಲ್ಲ, ಕಾಳಿ ನದಿಯ ಕಾಡಿನೊಳಗಿದೆ, ರಿಯಾಕ್ಟರ್ ಕೂಡ ಬೇರೆ ಜಾತಿಯದ್ದು" ಅಂದೆ. "ಹಾಗಾದ್ರೆ ಏನೂ ಆಗೂದಿಲ್ಲ?" ಅಂದರು. "ಆಗುವ ಸಾಧ್ಯತೆ ಬಹಳ ಕಡಿಮೆ. ಆಗೂದೇ ಇಲ್ಲ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ" ಅಂದೆ.

ಒಂದು ಕ್ಷಣ ಸುಮ್ಮನಿದ್ದು ಅತ್ತೆ ಕೇಳಿದರು: "ಆದ್ರೆ ನಮಗೆ ಹೇಳ್ತಾರಾ?"

ಇದು ದಡ್ಡರು ಕೇಳುವ ಪ್ರಶ್ನೆಯಾ? ಇಡೀ ಫುಕುಷಿಮಾದ ಕಥೆ ಆ ಮೂರು ಪದದಲ್ಲಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?